ಕೋಡಿ ಕಟ್ಟಿದ ನೀರುಗಂಟಿ

"ಬುದ್ಧಿ, ವರ್ಷವೆಲ್ಲ ಬೀಡಿ ಮುಟ್ಟದೆ ಇದ್ದೋನು, ಆಸೇನೇ ಇಲ್ಲದ ಹೊತ್ತಿನಲ್ಲಿ ನಾನು ಯಾಕೆ ಸೇದಿಬಿಟ್ಟೆ?"

ಮಠದ ದಾಸೋಹದಲ್ಲಿ ಅಡುಗೆ ಮಾಡುವ ಮರುಳಯ್ಯ ಹೀಗೆ ಕೇಳಿ ಹಿರಿಯ ಸ್ವಾಮಿಗಳ ಮುಂದೆ ತಲೆ ತಗ್ಗಿಸಿ ನಿಂತ. ಊರಿಗೆ ಹೊರಡಲು ಬಟ್ಟೆಗಂಟು ಕಟ್ಟಿಕೊಂಡೇ ಬಂದಿದ್ದ.

ಮರುಳಯ್ಯನ ಎದೆ ಕೆಟ್ಟಿತ್ತು. ಬೀಡಿ ಬಿಡದಿದ್ದರೆ ಉಳಿಗಾಲವಿಲ್ಲ ಎಂದು ವೈದ್ಯರು ಹೇಳಿದ್ದರು. ಸ್ವಾಮಿಗಳ ಪಾದ ಮುಟ್ಟಿ ಆಣೆ ಮಾಡಿ ಬಿಟ್ಟಿದ್ದ. ಇಡೀ ದಿನ ಕೆಂಡದ ಮುಂದೆ ಕೂರುವವನು. ಜೊತೆಯವರು ಪಕ್ಕದಲ್ಲೇ ಕೂತು ಹೊಗೆ ಬಿಡುತ್ತಿದ್ದರು. ಆದರೂ ಅವನ ಮನಸ್ಸು ಅತ್ತ ವಾಲಿರಲಿಲ್ಲ. ಆಮೇಲೆ ಊರಿನಿಂದ ತಾಯಿ ತೀರಿಕೊಂಡ ಸುದ್ದಿ ಬಂತು. ಹೋದ, ಮಣ್ಣು ಮಾಡಿದ, ತಿರುಗಿ ಬಂದ ದಿನವೇ ಸೌಟು ಹಿಡಿದು ಪಂಕ್ತಿಗೆ ಬಡಿಸಿದ. ಎಷ್ಟು ಗಟ್ಟಿ ಮನುಷ್ಯ ಎಂದು ಮಠದವರೆಲ್ಲ ಹೊಗಳಿದರು. ಕೆಲವು ದಿನ ಕಳೆದ ಮೇಲೆ ಊಟಕ್ಕೆ ಕೂತವರಲ್ಲಿ ಯಾರೋ ಸಾರಿಗೆ ಉಪ್ಪು ಹೆಚ್ಚಾಯಿತು ಎಂದರು. ಆಗಿದ್ದು ಇಷ್ಟೇ. ಮರುಳಯ್ಯ ಒಲೆಯ ಹಿಂದಕ್ಕೆ ಹೋಗಿ ಯಾರದೋ ಬೀಡಿ ಹಚ್ಚಿಕೊಂಡ.

"ಸೇದಿ ಮುಗಿಸಿದ ಮೇಲೇನೇ ನಂಗೆ ಗೊತ್ತಾಗಿದ್ದು, ಬುದ್ಧಿ. ಇನ್ನು ನನ್ನ ಆಣೆಗೆ ಏನು ಬೆಲೆ? ಒಂದು ಸೇದಿದೋನು ಕಟ್ಟೂ ಸೇದ್ತಾನೆ. ನನ್ನ ಕಳಿಸಿಕೊಡಿ."

"ಕಳಿಸೋಣ. ಮೊದಲು ಕೂತ್ಕೋ," ಎಂದು ಸ್ವಾಮಿಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೀರುಗಂಟಿ ಇದ್ದ. ಊರ ಕೆರೆ ಕಾಯುವುದು, ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ಅವನ ಕೆಲಸ. ಆ ಕೆರೆಯ ಏರಿಯಲ್ಲಿ ಒಂದು ಹೆಗ್ಗಣದ ಬಿಲವಿತ್ತು. ಅವನ ಅಪ್ಪನ ಕಾಲದಿಂದಲೂ ಅಲ್ಲಿ ನೀರು ಸೋರುತ್ತಿತ್ತು. ಅಪ್ಪ ಹೆಗ್ಗಣವನ್ನು ಬೈಯುತ್ತಲೇ ಕಾಲ ಹಾಕಿದ. ಮಗ ಹಾಗಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಬಿಲವನ್ನು ಬುಡದವರೆಗೂ ಅಗೆದ. ಜೇಡಿಮಣ್ಣು ಕಲಸಿ ತುಂಬಿದ. ದಮ್ಮಸು ಹಾಕಿ ಗಟ್ಟಿ ಮಾಡಿದ. ಮಳೆ ಬಂದು ಕೆರೆ ತುಂಬಿತು. ಅವನು ಬೆಳಗಾದರೆ ಆ ಜಾಗಕ್ಕೆ ಹೋಗಿ ಅಂಗೈ ಒತ್ತಿ ನೋಡುತ್ತಿದ್ದ. ಅಂಗೈಗೆ ತೇವ ತಾಗುತ್ತಿರಲಿಲ್ಲ.

ಊರವರು ಹೊಗಳಿದರು. ಹೊಗಳಿಕೆ ತಲೆಗೇರುವುದಕ್ಕೆ ಎಷ್ಟು ಹೊತ್ತು ಬೇಕು? ಇನ್ನು ತನ್ನ ಕೆರೆಯಿಂದ ಒಂದು ಹನಿಯೂ ವ್ಯರ್ಥ ಹೋಗಕೂಡದು ಎಂದು ಹಟ ಹಿಡಿದ. ಕೆರೆಯ ಒಂದು ಕೊನೆಯಲ್ಲಿ ಕೋಡಿ ಇತ್ತು. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಅಲ್ಲಿಂದ ಹರಿದು ಹಳ್ಳ ಸೇರುತ್ತಿತ್ತು. ಕೋಡಿ ಬಿದ್ದ ದಿನ ಊರಿನ ಹೆಂಗಸರು ಬಂದು ಬಾಗಿನ ಬಿಡುತ್ತಿದ್ದರು. ಊರಿಗೆಲ್ಲ ಹಿಗ್ಗು. ನೀರುಗಂಟಿಗೆ ಮಾತ್ರ ಈಗ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಬಿಲದಿಂದ ಹೋದರೂ ಸೋರಿಕೆಯೇ, ಕೋಡಿಯಿಂದ ಹೋದರೂ ಸೋರಿಕೆಯೇ ಎಂಬುದು ಅವನ ವಾದ. ಮುಂದಿನ ಬೇಸಿಗೆಯಲ್ಲಿ ಕೋಡಿಗೂ ಕಲ್ಲುಮಣ್ಣು ಒಟ್ಟಿ ಕಟ್ಟಿಬಿಟ್ಟ. ಆ ವರ್ಷ ಕೆರೆ ತುಂಬಿದಾಗ ಹೆಂಗಸರು ಬಾಗಿನ ಹಿಡಿದು ಬಂದರು, ಕಾದರು, ಹಾಗೇ ಮನೆಗೆ ಹೋದರು. ನೀರುಗಂಟಿ ಮೀಸೆ ತಿರುವಿದ.

ಆಮೇಲೂ ಮಳೆ ಬಿಡಲಿಲ್ಲ. ಜೋರು ಮಳೆ ಬಂದಾಗಲೂ ಏರಿ ಅಲ್ಲಾಡಲಿಲ್ಲ. ಕೆರೆ ಮಾತ್ರ ಯಾವತ್ತೂ ಕಾಣದಷ್ಟು ಮೇಲೇರಿ ನಿಂತಿತು. ಅದಾದ ಮೇಲೆ ಒಂದು ಮಧ್ಯಾಹ್ನ ಬಂದದ್ದು ತಲೆ ನೆನೆಯದಂಥ ತುಂತುರು. ನೀರುಗಂಟಿ ಏರಿಯ ಮೇಲೆ ನಡೆದು ಬರುತ್ತಿದ್ದ. ಕಾಲ ಕೆಳಗೆ ಏನೋ ಸದ್ದು ಕೇಳಿ ಬಗ್ಗಿ ನೋಡಿದ. ಹಳೆಯ ಬಿಲ ಬಿಚ್ಚಿಕೊಂಡು ನೀರು ನುಗ್ಗುತ್ತಿತ್ತು. ಏರಿಯ ಕೆಳಗೆ ಗದ್ದೆಗಳು, ಗದ್ದೆಗಳಾಚೆ ಮನೆಗಳು. ಅವನು ತಾನು ತುಂಬಿದ ಮಣ್ಣನ್ನು ಬೈದ, ಸತ್ತುಹೋದ ಹೆಗ್ಗಣವನ್ನು ಬೈದ, ತನ್ನ ಜನ್ಮವನ್ನು ಬೈದುಕೊಂಡ. ಗುದ್ದಲಿ ಬಿಸಾಕಿ, ಕೆರೆ ಹೋಯಿತು ಎಂದು ಕೂಗುತ್ತ ಓಡಿದ.

ಏರಿಯ ಕೆಳಗೆ ಕಳೆ ಕೀಳುತ್ತಿದ್ದ ಒಬ್ಬ ಮುದುಕಿ ಬದುವಿನ ಮೇಲೆ ಅವನಿಗೆ ಅಡ್ಡ ನಿಂತಳು.

"ಎಲ್ಲಿಗ್ಲಾ ಓಡ್ತೀಯ?"

"ಬಿಲ ಬಿಚ್ಕೊಂತು ಕಣಜ್ಜಿ. ಎಷ್ಟು ಗಟ್ಟಿಯಾಗಿ ಮುಚ್ಚಿದ್ದೆ! ಎಲ್ಲಾ ಮುಗೀತು."

"ಬಿಲ ತಾನೇ ಬಿಚ್ಕೊಂಡಿರೋದು? ಏರಿ ಇನ್ನೂ ನಿಂತೈತಲ್ಲೋ. ನೀನು ಹಿಂಗೆ ಓಡೋದ್ರೆ ಅದೂ ಹೋಯ್ತದೆ. ನಡಿ, ಮೊದ್ಲು ಆ ಕೋಡಿ ಕಿತ್ತಾಕು. ಅಷ್ಟು ನೀರು ಹಿಂದಿಂದ ನೂಕ್ತಿರೋವಾಗ ನೀನು ಎಷ್ಟು ಮಣ್ಣು ತುರುಕಿದ್ರೂ ಅಷ್ಟೇಯ."

ಇಬ್ಬರೂ ಹೋಗಿ ಕೋಡಿಗೆ ಒಟ್ಟಿದ್ದ ಕಲ್ಲುಗಳನ್ನು ಕಿತ್ತರು. ನೀರು ದಾರಿ ಕಂಡುಕೊಂಡು ಹಳ್ಳದ ಕಡೆ ಹೊರಳಿತು. ಕೆರೆ ಮೆಲ್ಲಗೆ ಇಳಿಯಿತು. ಅದು ಇಳಿದಂತೆಲ್ಲ ಬಿಲದ ರಭಸವೂ ಇಳಿಯಿತು. ಆಗ ನೀರುಗಂಟಿ ಗುದ್ದಲಿ ಹುಡುಕಿ ತಂದ. ಅದೇ ಜೇಡಿಮಣ್ಣನ್ನೇ ಕಲಸಿ, ಅದೇ ಬಿಲವನ್ನು ಇನ್ನೊಂದು ಸಲ ಮುಚ್ಚಿದ. ಈ ಸಲ ಅದು ನಿಂತಿತು.

ಸ್ವಾಮಿಗಳು ಕತೆ ನಿಲ್ಲಿಸಿದರು. ಇನ್ನೊಂದು ಸಲ ಎಂಬ ಮಾತು ಮರುಳಯ್ಯನ ಮನಸ್ಸಿಗೆ ಹಿಡಿಸಿತು. ಒಂದು ಬೀಡಿಗೆ ಎಲ್ಲವೂ ಮುಗಿದುಹೋಗಲಿಲ್ಲ ಎಂದು ಅನ್ನಿಸಿ ಎಷ್ಟೋ ಸಮಾಧಾನವಾಯಿತು. ಆದರೆ ಒಂದು ಮಾತು ಮಾತ್ರ ಅವನಿಗೆ ಬಗೆಹರಿಯಲಿಲ್ಲ.

"ಬಿಲ ನಾನೂ ಗಟ್ಟಿಯಾಗೇ ಮುಚ್ಚಿದ್ದೆ, ಬುದ್ಧಿ. ನಾನು ಕಟ್ಟಿದ ಕೋಡಿ ಯಾವುದು?"

ಸ್ವಾಮಿಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

"ಹೆತ್ತವಳನ್ನು ಮಣ್ಣು ಮಾಡಿ ಬಂದೆಯಲ್ಲ ಮರುಳಯ್ಯ, ಯಾರ ಮುಂದೆ ಅತ್ತೆ?"