ಇದೇನಪ್ಪನ ಬೆಟ್ಟ

ಚಿಲುಮೆಹಟ್ಟಿಯಿಂದ ಮೈಲಿ ದೂರದ ಬೋಳುಬಂಡೆಯ ಬೆಟ್ಟಕ್ಕೆ ಇದೇನಪ್ಪನ ಬೆಟ್ಟವೆಂದು ಹೆಸರು. ಹೊಸಬರು ಕೇಳಿ ನಗುತ್ತಾರೆ. ನಗಲಿ, ನಮಗೇನೂ ಬೇಸರವಿಲ್ಲ. ತಿಮ್ಮಪ್ಪ, ರಂಗಪ್ಪ, ಮೈಲಾರಪ್ಪ ಎಂದು ಊರಿಗೊಬ್ಬ ಅಪ್ಪನಿರುವ ಸೀಮೆಯಲ್ಲಿ ಈ ಇದೇನಪ್ಪ ಯಾರು, ಯಾರ ಮನೆದೇವರು ಎಂದು ವಿಚಾರಿಸುತ್ತಲೇ ಮೆಟ್ಟಿಲು ಹತ್ತುತ್ತಾರೆ. ತುದಿಯಲ್ಲಿ ಎರಡು ಹೆಬ್ಬಂಡೆಗಳ ನಡುವೆ ಬಗ್ಗಿ ನುಸುಳುವಷ್ಟು ಸಂದು, ಅದರ ಬಾಯಿಗೊಂದು ಕಲ್ಲಿನ ಬಾಗಿಲವಾಡ. ಒಳಗೆ ಗರ್ಭಗುಡಿಯಿಲ್ಲ, ಮೂರ್ತಿಯಿಲ್ಲ, ಪೂಜಾರಿಯೂ ಇಲ್ಲ. ಪಕ್ಕದ ಬಂಡೆಯಲ್ಲಿ ಸಾಲಾಗಿ ಮೂರು ಉಳಿಯ ಗುಳಿಗಳಿವೆ. ಕಥೆ ಶುರುವಾಗುವುದು ಅಲ್ಲಿಂದ.

ಹಿಂದೆ ಒಮ್ಮೆ ಈ ಸೀಮೆಯನ್ನಾಳುತ್ತಿದ್ದ ಪಾಳೆಯಗಾರ ಬಿಲ್ಲಪ್ಪನಾಯಕನಿಗೆ ಹೊಸ ಕೋಟೆ ಕಟ್ಟುವ ಹುಚ್ಚು ಹಿಡಿಯಿತು. ದೇವರಿರುವ ಬೆಟ್ಟವನ್ನು ಮುಟ್ಟಬೇಡಿ, ದೇವರಿಲ್ಲದ್ದನ್ನು ಒಡೆದು ಕಲ್ಲು ತನ್ನಿ ಎಂದು ಅಪ್ಪಣೆಯಾಯಿತು. ಬೆಟ್ಟಗಳನ್ನು ನೋಡಿ ಬರುವ ಕೆಲಸ ಕಲ್ಲುಕುಟಿಗ ಮಾಳೋಜನ ಪಾಲಿಗೆ ಬಂತು. ಅವನಿಗೆ ಕಲ್ಲಿನ ಗುಣ ಗೊತ್ತು. ಮೇಲಾಗಿ ದೇವರಲ್ಲಿ ನಂಬಿಕೆಯಿಲ್ಲ. ಇಂಥವನು ಸುಮ್ಮಸುಮ್ಮನೆ ಬೆಟ್ಟಕ್ಕೊಂದು ದೇವರನ್ನು ಕೂರಿಸಲಾರನೆಂದು ನಾಯಕನ ಎಣಿಕೆ. ನಲವತ್ತು ವರ್ಷ ಮೂರ್ತಿ ಕೆತ್ತಿದ ಕೈ ಮಾಳೋಜನದು. ತನ್ನ ಉಳಿ ಜಾರಿ ಎಷ್ಟೋ ದೇವರ ಮೂಗು ಮುರಿದಿದೆ, ಒಬ್ಬನಾದರೂ ಕೆಮ್ಮಲಿಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದನಂತೆ ಆಸಾಮಿ!

ಒಂದು ಬೆಳಿಗ್ಗೆ ಈ ಬೆಟ್ಟ ಹತ್ತಿದವನಿಗೆ ಕಲ್ಲು ಕಂಡು ಬಾಯಲ್ಲಿ ನೀರೂರಿತು. ಎಲ್ಲೂ ಬಿರುಕಿಲ್ಲ, ತಟ್ಟಿದರೆ ಕಂಚಿನ ದನಿ. ಬಂಡೆ ಸೀಳಲೆಂದು ಸಾಲು ಹಿಡಿದು ಮೂರು ಗುಳಿ ಹೊಡೆದ. ಬಂಡೆ ಎಲ್ಲಿಯವರೆಗಿದೆಯೋ ನೋಡೋಣವೆಂದು ಸಂದಿನಲ್ಲಿ ನುಸುಳಿ ಆಚೆ ಬಂದರೆ, ಒಂದು ಹೆಜ್ಜೆ ಮುಂದೆ ನೆಲವೇ ಇಲ್ಲ. ಆಳದಲ್ಲಿ ಕೆರೆಗಳು, ಜೋಳದ ಹೊಲಗಳು. ಬೆಚ್ಚಿ ಹಿಂದೆ ಸರಿಯುವಾಗ ಅವನ ರುಮಾಲು ಕಳಚಿ ಕೆಳಗೆ ಬಿತ್ತು. ಅಯ್ಯೋ, ಹೋಯಿತಲ್ಲ ಎನ್ನುವಷ್ಟರಲ್ಲಿ ಅದು ಉದ್ದಕ್ಕೆ ಬಿಚ್ಚಿಕೊಂಡು, ತೇಲುತ್ತ ಮೇಲಕ್ಕೆ ಬಂದು ಅವನ ಎದೆಗೇ ಸುತ್ತಿಕೊಂಡಿತು. ಪಡುವಣ ಗಾಳಿ ಬಂಡೆಗೆ ಬಡಿದು ಮೇಲೇರುತ್ತದೆ, ಅಷ್ಟು ಅವನಿಗೆ ತಿಳಿಯದೆ? ತಿಳಿದಿದ್ದೂ ಮೈ ಜುಮ್ಮೆಂದಿತು. “ಇದೇನಪ್ಪಾ!” ಎಂದ. ಮತ್ತೆ ಎಸೆದ, ಮತ್ತೆ ಬಂತು. ತಾನೆಂಬುದು ಎಲ್ಲಿ ಮುಗಿಯಿತು, ಗಾಳಿ ಎಲ್ಲಿ ಶುರುವಾಯಿತು ಒಂದೂ ತಿಳಿಯದೆ, ನಗುತ್ತ ಅಳುತ್ತ ಮಧ್ಯಾಹ್ನದವರೆಗೆ ಅಲ್ಲೇ ಕುಳಿತಿದ್ದನೆನ್ನುತ್ತಾರೆ. ಆಮೇಲೆ ನಾಲ್ಕನೆಯ ಗುಳಿ ಹೊಡೆಯಲು ಅವನಿಗೆ ಕೈ ಬರಲಿಲ್ಲ.

ನಾಯಕನ ಕರಣಿಕ ನರಹರಯ್ಯನಿಗೆ ಕಿವಿ ಸ್ವಲ್ಪ ಮಂದ. ಬೆಟ್ಟದಲ್ಲಿ ಯಾವ ದೇವರಿದ್ದಾನೆಂದು ಅವನು ಕೇಳಿದ್ದಕ್ಕೆ ಮಾಳೋಜ, ತಾನು ಯಾರನ್ನೂ ಕಾಣಲಿಲ್ಲ, ಆದರೂ ಒಡೆಯುವುದು ಬೇಡ, ಅಲ್ಲಿ ನಿಂತಾಗ ಬಾಯಿಂದ ಬಂದದ್ದು ‘ಇದೇನಪ್ಪಾ’ ಎಂಬ ಒಂದೇ ಮಾತು ಎಂದ. ನರಹರಯ್ಯ ತಲೆಯಾಡಿಸಿ ಕಡತದಲ್ಲಿ ‘ದೇವರು: ಇದೇನಪ್ಪ’ ಎಂದು ಬರೆದುಬಿಟ್ಟ. ಓದಿದ ನಾಯಕನಿಗೆ ಅನುಮಾನ ಬಂತು. ನಾಳೆ ತಾನೇ ಪೂಜೆಗೆ ಬರುತ್ತೇನೆ, ದೇವರಿಲ್ಲವಾದರೆ ಬೆಟ್ಟ ಒಡೆಸಿ, ಮಾಳೋಜನ ಉಳಿ ಕಿತ್ತುಕೊಂಡು ಸೀಮೆಯಾಚೆ ಹಾಕಿಸುತ್ತೇನೆ ಎಂದು ಹೇಳಿ ಕಳಿಸಿದ. ಉಳಿಯಿಲ್ಲದ ಕಲ್ಲುಕುಟಿಗ ಆ ವಯಸ್ಸಿನಲ್ಲಿ ತಿರಿದು ತಿನ್ನಬೇಕು. ಕಣಗಿಲೆಯ ದೊಡ್ಡ ಹಾರ ಹೊರಿಸಿಕೊಂಡು ನಾಯಕ ಬಂದ ದಿನವೋ, ಹಾಳಾದ್ದು, ಹುಲ್ಲುಕಡ್ಡಿಯೂ ಅಲುಗುತ್ತಿಲ್ಲ. ಸಂದು ದಾಟಿ ಅಂಚಿನಲ್ಲಿ ನಿಂತ ನಾಯಕ ಸುತ್ತಲೂ ನೋಡಿ, ನಿನ್ನ ದೇವರೆಲ್ಲಿ ಎಂದು ಗದರಿದ. ಇದ್ದಾನೆ ಎಂದೊಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಮಾಳೋಜನ ಬಾಯಿಗೆ ಸುಳ್ಳು ಬರಲಿಲ್ಲ.

“ದೇವರನ್ನ ನಾ ಕಾಣಲಿಲ್ಲ ಬುದ್ಧಿ. ಬಂಡೆ ಇತ್ತು, ಗಾಳಿ ಇತ್ತು, ನಾನಿದ್ದೆ. ಅಷ್ಟಕ್ಕೇ ಮನಸ್ಸು ತುಂಬಿ ಬಂತು. ನೀವು ದೇವರು ಅನ್ನೋದು ಅದನ್ನೇ ಆದರೆ, ಅದು ಇಲ್ಲೇ ಇತ್ತು.”

ಹಾಕಲು ಕೊರಳೇ ಇಲ್ಲದ ಮೇಲೆ ಹಾರ ಯಾಕೆಂದು ನಾಯಕ ಸಿಟ್ಟಿನಿಂದ ಅದನ್ನು ಹರಿದು ಪ್ರಪಾತಕ್ಕೆ ಬಿಸುಟ. ಮಾಳೋಜ ಸೊಂಟದ ಉಳಿಯನ್ನು ಬಿಚ್ಚಿ ನಾಯಕನ ಕಾಲ ಬಳಿ ಇಟ್ಟ. ಆಳುಗಳು ಸುತ್ತಿಗೆ ಎತ್ತಿಕೊಂಡರು. ಆಗ ಬಿಸಿಲೇರಿ ಎಲ್ಲಿತ್ತೋ ಗಾಳಿ, ಬಂಡೆ ಹತ್ತಿ ಬಂತು. ಕೆಳಗಿನ ಬಂಡೆಯ ಮೇಲೆ ಚೆದುರಿದ್ದ ಕಣಗಿಲೆಯೆಲ್ಲ ಕೆಂಪಗೆ ಮೇಲೆದ್ದು ನಾಯಕನ ತಲೆಯ ಪಾಗಿನ ಮೇಲೆ, ಹುರಿಮೀಸೆಯ ಮೇಲೆ ಸುರಿಯಿತು. ನಾಯಕನ ಬಾಯಿ ತಾನಾಗಿ ತೆರೆಯಿತು. “ಇದೇನಪ್ಪಾ!”

ಅಂದು ಮಾತ್ರ ಜೊತೆಗೆ ಬಂದಿದ್ದ ನರಹರಯ್ಯನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. “ನಾನು ಬರೆದದ್ದು ಸರಿಯಾಗೇ ಇದೆ ಮಹಾಸ್ವಾಮಿ” ಎಂದನಂತೆ. ಮೊದಲು ನಾಯಕ ನಕ್ಕ, ಆಮೇಲೆ ಆಳುಗಳೆಲ್ಲ ನಕ್ಕರು. ನಾಯಕ ಉಳಿಯನ್ನು ತಾನೇ ಎತ್ತಿ ಮಾಳೋಜನ ಕೈಗಿತ್ತು, ಇಲ್ಲೊಂದು ಗುಡಿ ಕಟ್ಟೆಂದ. ಗೋಡೆ ಕಟ್ಟಿದರೆ ಗಾಳಿ ನಿಂತುಹೋಗುತ್ತದೆ, ಬಾಗಿಲು ಸಾಕು ಬುದ್ಧಿ ಎಂದು ಮಾಳೋಜ ಬೇಡಿಕೊಂಡ. ಆ ಬಾಗಿಲವಾಡವೇ ಇದು. ಬಾಗಿಲ ನೆತ್ತಿಯಲ್ಲಿ ದೇವರ ಮೂರ್ತಿ ಬರಬೇಕಾದ ಲಲಾಟದ ಜಾಗವನ್ನು ಅವನು ನುಣ್ಣಗೆ ಉಜ್ಜಿ ಹಾಗೆಯೇ ಬಿಟ್ಟಿದ್ದಾನೆ.

ಇಂದಿಗೂ ಬಂದವರು ಬೊಗಸೆ ಕಣಗಿಲೆಯನ್ನು ಕೆಳಗೆಸೆದು ಕಾಯುತ್ತಾರೆ. ಕೈಮುಗಿಯುವವರೂ ಇದ್ದಾರೆ, ಅದು ಬರೀ ಗಾಳಿ ಎಂದು ವಾದ ಮಾಡುವವರೂ ಇದ್ದಾರೆ. ಇಬ್ಬರ ತಲೆಯ ಮೇಲೂ ಹೂವು ಬೀಳುತ್ತದೆ. ಈ ಕಥೆ ಹೇಳುವ ನಮ್ಮ ಹಟ್ಟಿಯ ಮುದುಕರು ನೂರು ಸಲ ಹತ್ತಿದವರು. ಈ ಸಲ ಬಾಯಿ ಬಿಡುವುದಿಲ್ಲವೆಂದು ಪ್ರತಿಸಲವೂ ಹಲ್ಲು ಕಚ್ಚಿ ನಿಲ್ಲುತ್ತಾರೆ. ಹೂವು ಬರುತ್ತದೆ, ಅವರು ಅಂದೇ ಬಿಡುತ್ತಾರೆ.