ಕೆಂಜಿಗಗಳ ಹೊಲಿಗೆ

ಒಂದೇ ತೋಟ, ಆದರೆ ಇರುವೆಗಳಿಗೆ ಅದೇ ಲೋಕ. ಅಲ್ಲಿ ಮಹಾಯುದ್ಧ ಹತ್ತಿಕೊಂಡಿತು: ಕೆಂಜಿಗ, ಕಣಜ ಒಂದು ಕಡೆ, ಗೊದ್ದ, ಜೇನು ಇನ್ನೊಂದು ಕಡೆ. ಕೆಂಜಿಗಗಳು ಒಂದಾದ ಮೇಲೊಂದು ಮರ ಗೆದ್ದು, ಗೆದ್ದಲ್ಲೆಲ್ಲ ಎಲೆ ಹೊಲಿದು ಗೂಡು ಕಟ್ಟಿದವು. ಹೊಲಿಗೆಯ ನೂಲು ಬರುವುದು ಮರಿಗಳ ಬಾಯಿಂದ; ಆದ್ದರಿಂದ ಮರಿಗಳನ್ನೂ ರಣರಂಗಕ್ಕೆ ಹೊತ್ತೊಯ್ದವು.

"ಗೊದ್ದ ಸೋತಿತೇ, ದಂಡನಾಯಕರೇ?" ಬಸವನಹುಳು ಕೆಂಜಿಗಗಳ ನಾಯಕನನ್ನು ಕೇಳಿತು.

"ಕಣ್ಣಿಲ್ಲವೇನಯ್ಯಾ, ಮಂದಗಾಮಿ? ಹಲಸೊಂದೇ ಬಾಕಿ!"

ಅಷ್ಟರಲ್ಲಿ ತವರಿನ ಮಾವಿನಮರದಿಂದ ದೂತ ಓಡಿಬಂದ. "ಗಾಳಿಗೆ ರಾಣಿಯ ಗೂಡು ಹರಿದಿದೆ, ಗೊದ್ದಗಳು ಮರ ಹತ್ತುತ್ತಿವೆ. ಹೊಲಿಯಲು ಒಂದು ಮರಿಯನ್ನಾದರೂ ಕೊಡಿ!"

ದಂಡನಾಯಕ ಮರಿಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಯಾವುದರಲ್ಲೂ ನೂಲು ಉಳಿದಿರಲಿಲ್ಲ.

"ಕಣಜಗಳನ್ನು ಕರೆಯಿರಿ! ಮಿತ್ರರಲ್ಲವೇ?"

"ಬರುವಾಗ ಕಂಡೆ," ಎಂದಿತು ಬಸವನಹುಳು. "ಜೇನಿನ ಮನೆಯಲ್ಲಿ ತುಪ್ಪ ನೆಕ್ಕುತ್ತ ಕೂತಿದ್ದಾರೆ, ಸ್ವಾಮಿ."