ಗೋಡೆ ಒಣಗಿದ ದಿನ

"ಅಪ್ಪಾರೇ, ಅಳು ಬಾರದಂತೆ ಮಾಡಿಕೊಳ್ಳುವುದು ಹೇಗೆ?" ಎಂದು ಅಡವಯ್ಯ ಕೇಳಿದ.

ಮಠದ ಮೆಟ್ಟಿಲುಗಳು ಜಲಾಶಯದ ಹಿನ್ನೀರಿಗೆ ಇಳಿಯುತ್ತಿದ್ದವು. ಗುರು ಶಿಷ್ಯರಿಬ್ಬರೂ ಅಲ್ಲಿ ಕುಳಿತಿದ್ದರು. ಅಡವಯ್ಯನ ತಂಗಿ ತೀರಿಕೊಂಡ ಸುದ್ದಿ ಹಿಂದಿನ ದಿನ ಅವನ ಊರಿನ ದೋಣಿಯಲ್ಲಿ ಬಂದಿತ್ತು. ಮಗನನ್ನು ಕಳಿಸಿಕೊಡಿ ಎಂದು ತಾಯಿ ಹೇಳಿ ಕಳಿಸಿದ್ದಳು. ಅವನು ಹೋಗಿರಲಿಲ್ಲ. ಕಾವಿ ಉಟ್ಟವನು ಊರವರ ಮುಂದೆ ಅತ್ತರೆ, ಇಷ್ಟು ದಿನ ಮಠದಲ್ಲಿ ಕಲಿತದ್ದೇನು ಎಂದು ಕೇಳುತ್ತಾರೆ ಎಂಬ ಅಂಜಿಕೆ ಅವನಿಗೆ. ಮೊದಲು ಮನಸ್ಸನ್ನು ಕಲ್ಲು ಮಾಡಿಕೊಳ್ಳಬೇಕು, ಆಮೇಲೆ ತಾಯಿಯ ಎದುರು ನಿಲ್ಲಬೇಕು ಎಂದುಕೊಂಡಿದ್ದ.

ಗುರುಗಳು ಪೀಠಕ್ಕೆ ಹೊಸಬರು. ಹಿರಿಯ ಗುರುಗಳು ಲಿಂಗೈಕ್ಯರಾದ ಮೇಲೆ ಅವರ ಬಳಿ ಯಾರಾದರೂ ಪ್ರಶ್ನೆ ತಂದದ್ದು ಇದೇ ಮೊದಲು. ಅವರು ಹೆಗಲ ಮೇಲಿನ ವಸ್ತ್ರವನ್ನು ಸರಿಮಾಡಿಕೊಂಡರು. ಮತ್ತೆ ಸರಿಮಾಡಿಕೊಂಡರು.

"ಒಂದು ಕತೆ ಇದೆ. ಆದರೆ ನನಗೆ ಕತೆ ಹೇಳಲು ಬಾರದು, ತಪ್ಪು ತಿಳಿಯಬೇಡ. ಹಿರಿಯರು ಹೇಳಿದರೆ ಕೇಳುವವರಿಗೆ ತಾನಾಗಿ ತಿಳಿಯುತ್ತಿತ್ತು. ನಾನು ನಡುನಡುವೆ ಬಿಡಿಸಿ ಹೇಳಬೇಕಾಗುತ್ತದೆ."

"ಬಿಡಿಸಿಯೇ ಹೇಳಿರಿ ಅಪ್ಪಾರೇ. ದೋಣಿ ಬರಲು ಇನ್ನೂ ಹೊತ್ತಿದೆ."

ಗುರುಗಳು ಹೇಳತೊಡಗಿದರು.

ಒಂದು ನದಿಗೆ ಒಂದು ಅಣೆಕಟ್ಟು ಇತ್ತು. ಅದನ್ನು ಯಾವ ಕಂಬವೂ ಆತುಕೊಂಡಿರಲಿಲ್ಲ. ಅದು ತನ್ನ ಭಾರದಿಂದಲೇ ನಿಂತಿತ್ತು. ಇದು ಮುಖ್ಯ, ನೆನಪಿಡು. ಹಿಂದೆ ಸಮುದ್ರದಂಥ ನೀರು. ಆ ನೀರು ಕೊಳವೆಗಳಲ್ಲಿ ಇಳಿದು ಚಕ್ರ ತಿರುಗಿಸಿ ಊರೂರಿಗೆ ವಿದ್ಯುತ್ತು ಕೊಡುತ್ತಿತ್ತು. ಅಣೆಕಟ್ಟಿನ ಹೊಟ್ಟೆಯಲ್ಲಿ ಒಂದು ಸುರಂಗ. ಅಣೆಕಟ್ಟಿನೊಳಗೆ ಸುರಂಗ ಏಕೆ ಎಂದು ನೀನು ಕೇಳಬಹುದು. ಗೋಡೆಯ ಆರೋಗ್ಯವನ್ನು ಒಳಗಿನಿಂದ ನೋಡಿಕೊಳ್ಳಲು. ಅದಕ್ಕೆಂದೇ ಒಬ್ಬ ಕಾವಲುಗಾರನಿದ್ದ.

ಸುರಂಗದ ಅಂಚಿನಲ್ಲಿ ಸಾಲಾಗಿ ತೂತುಗಳಿದ್ದವು. ಅವುಗಳಿಂದ ನೀರು ಸದಾ ಒಸರಿ ಬದಿಯ ಸಣ್ಣ ಕಾಲುವೆಗೆ ಬೀಳುತ್ತಿತ್ತು. ಕಟ್ಟಿದವರು ಅವಸರದಲ್ಲಿ ಮುಚ್ಚಲು ಮರೆತಿದ್ದಾರೆ ಎಂದು ಕಾವಲುಗಾರ ತಿಳಿದಿದ್ದ. ಆ ನೀರು ಯಾವ ಚಕ್ರವನ್ನೂ ತಿರುಗಿಸುತ್ತಿರಲಿಲ್ಲ. ಒಂದೊಂದು ಹನಿ ಬಿದ್ದಾಗಲೂ ಯಾರದೋ ಮನೆಯ ದೀಪ ಸಣ್ಣದಾದಂತೆ ಅವನಿಗೆ ಅನಿಸುತ್ತಿತ್ತು.

ಒಂದು ದಿನ ಒಬ್ಬ ಅಧಿಕಾರಿ ಅತಿಥಿಗಳನ್ನು ಕರೆದುಕೊಂಡು ಬಂದ. ಅವನ ಬೂಟು ಒದ್ದೆಯಾಯಿತು.

"ಏನಯ್ಯಾ, ನಿನ್ನ ಗೋಡೆಗೆ ನೆಗಡಿಯೋ?" ಎಂದ ಅಧಿಕಾರಿ. ಅತಿಥಿಗಳು ನಕ್ಕರು.

"ಮುಂದಿನ ಸಲ ಬರುವಾಗ ಮೂಗು ಒರೆಸಿ ಇಟ್ಟಿರುತ್ತೇನೆ ಸಾಹೇಬರೇ" ಎಂದ ಕಾವಲುಗಾರ. ಅವನೂ ನಕ್ಕ. ಆದರೆ ಮಾತು ಎದೆಗೆ ನಾಟಿತ್ತು.

ಅವನು ಮರದ ಬೆಣೆಗಳನ್ನು ಕೆತ್ತಿದ. ಒಂದೊಂದು ತೂತಿಗೂ ಒಂದೊಂದು ಬೆಣೆ ಬಡಿದು, ಮೇಲೆ ಸಿಮೆಂಟು ಮೆತ್ತಿದ. ಯಾರೂ ಹೇಳದೆ ಮಾಡಿದ, ಯಾರನ್ನೂ ಕೇಳದೆ ಮಾಡಿದ. ಗೋಡೆ ಒಣಗಿತು. ಸುರಂಗ ಮೌನವಾಯಿತು. ಕಾವಲುಗಾರ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದ. ಬೆರಳಿಗೆ ಒಂದು ಹನಿಯೂ ಅಂಟಲಿಲ್ಲ. ಅವನಿಗೆ ಹೆಮ್ಮೆಯಾಯಿತು.

ಆ ಮಧ್ಯಾಹ್ನ ಅವನು ಅಣೆಕಟ್ಟಿನ ಮೇಲೆ ಮಲಗಿದ. ಕನಸು ಬಿತ್ತು. ಅಣೆಕಟ್ಟು ನೆಲ ಬಿಟ್ಟು ತೆಪ್ಪದ ಹಾಗೆ ತೇಲುತ್ತಿತ್ತು. ಕೆಳಗೆ ಮುಳುಗಿದ ಊರು. ಅಲ್ಲಿ ಒಬ್ಬ ಹೆಂಗಸು ಅಂಗಳ ಗುಡಿಸುತ್ತಿದ್ದಳು. ಅವಳು ತಲೆ ಎತ್ತಿ ನೋಡಿ, "ಎಲ್ಲಿಗೆ ಹೊರಟೆಯಪ್ಪಾ, ಇಷ್ಟು ಹಗುರಾಗಿ?" ಎಂದು ಕೇಳಿದಳು. ಗೋಡೆ ತೇಲುತ್ತಲೇ ಹೋಯಿತು.

ಗುರುಗಳು ಇಲ್ಲಿ ತಡೆದರು. "ಈ ಕನಸು ಹಿರಿಯರ ಕತೆಯಲ್ಲಿ ಇತ್ತೋ, ನಾನೇ ಸೇರಿಸಿದೆನೋ ನೆನಪಿಲ್ಲ" ಎಂದರು.

ಅಡವಯ್ಯ ಹಿನ್ನೀರನ್ನು ನೋಡುತ್ತಿದ್ದ. ನೀರು ಅಲುಗುತ್ತಿರಲಿಲ್ಲ. ತಾನು ಕುಳಿತ ಮೆಟ್ಟಿಲೇ ಮೆಲ್ಲಗೆ ದಡ ಬಿಟ್ಟು ಹೋಗುತ್ತಿರುವಂತೆ ಅವನಿಗೆ ಅನಿಸಿತು. ಸುದ್ದಿ ಬಂದಾಗಿನಿಂದ ಅವನಿಗೆ ಹಾಗೆಯೇ ಅನಿಸುತ್ತಿತ್ತು. ಉಂಡದ್ದು, ಮಲಗಿದ್ದು, ಪೂಜೆಗೆ ಹೂ ಕೊಯ್ದದ್ದು ಯಾವುದೂ ನೆಲದ ಮೇಲೆ ನಡೆದಂತೆ ಇರಲಿಲ್ಲ.

"ಆಮೇಲೆ?" ಎಂದ.

ಕಾವಲುಗಾರ ಎದ್ದು ಸುರಂಗಕ್ಕೆ ಇಳಿದ. ಗೋಡೆ ಒಣಗಿಯೇ ಇತ್ತು. ಆದರೆ ಎಂದೂ ನೀರು ಕಾಣದ ನೆಲದಲ್ಲಿ ಬಿರುಕು ಬಿಟ್ಟು ನೀರು ಮೇಲೇಳುತ್ತಿತ್ತು. ಸುರಂಗದಲ್ಲಿ ಒಂದು ತೂಗುಗುಂಡು ಇತ್ತು. ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡುವ ಗುಂಡು ಇರುತ್ತದಲ್ಲ, ಅಂಥದ್ದೇ, ಆದರೆ ದೊಡ್ಡದು. ಅದು ತನ್ನ ಗುರುತು ಬಿಟ್ಟು ಸರಿದಿತ್ತು. ಗುಂಡು ತಾನಾಗಿ ಸರಿಯುವುದಿಲ್ಲ. ಸರಿದದ್ದು ಅಣೆಕಟ್ಟು.

ಅವನು ಮೇಲಕ್ಕೆ ಓಡಿದ. ಹಾರೆ ತಂದು ಮೊದಲ ಬೆಣೆಯನ್ನು ಕಿತ್ತ. ನೀರು ಚಿಮ್ಮಿ ಅವನ ಎದೆಗೆ ಹೊಡೆಯಿತು. ಅವನು ಬಿದ್ದ. ಎದ್ದು ಮುಂದಿನದನ್ನು ಕಿತ್ತ. ಎಲ್ಲವನ್ನೂ ಕಿತ್ತ. ಹೋಗಲು ದಾರಿ ಇಲ್ಲದ ನೀರು ಅಡಿಪಾಯದ ಕೆಳಗೆ ಸೇರಿಕೊಂಡು ಅಷ್ಟು ದೊಡ್ಡ ಗೋಡೆಯನ್ನು ಮೇಲಕ್ಕೆ ಎತ್ತುತ್ತಿತ್ತು. ಭಾರದಿಂದ ನಿಂತದ್ದು ಹಗುರಾದರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ಹಿಂದಿನ ನೀರು ಅದನ್ನು ತಳ್ಳಿಕೊಂಡು ಹೋಗುತ್ತದೆ. ತೂತುಗಳಿಂದ ನೀರು ಹರಿಯಿತು. ಗುಂಡು ನಿಧಾನವಾಗಿ ತನ್ನ ಗುರುತಿಗೆ ಮರಳಿತು. ಗೋಡೆ ಮತ್ತೆ ಒದ್ದೆಯಾಯಿತು. ಕಾವಲುಗಾರ ಆ ಒದ್ದೆ ಗೋಡೆಗೆ ಬೆನ್ನು ಕೊಟ್ಟು ಕುಳಿತುಕೊಂಡ.

ಕತೆ ಮುಗಿಯಿತು. ಅಡವಯ್ಯ ಏನೋ ಹೇಳಲು ಬಾಯಿ ತೆರೆದ. ಗುರುಗಳಿಗೆ ಸಮಾಧಾನವಿರಲಿಲ್ಲ.

"ಸ್ಪಷ್ಟವಾಗಲಿಲ್ಲವೇನೋ. ಇಲ್ಲಿ ಗೋಡೆ ಎಂದರೆ ಮನಸ್ಸು. ನೀರು ಎಂದರೆ ದುಃಖ. ಅಲ್ಲ, ಪೂರ್ತಿ ದುಃಖವೂ ಅಲ್ಲ. ಚಕ್ರ ತಿರುಗಿಸುವುದೂ ಅದೇ ನೀರು ತಾನೇ? ಹಾಗಿದ್ದರೆ ನೀರು ಎಂದರೆ, ನಿನ್ನ ತಂಗಿಯ ಮೇಲೆ ನಿನಗೆ ಇದ್ದ..."

"ಅಪ್ಪಾರೇ!" ದಡದಿಂದ ದೋಣಿಯವನು ಕೂಗಿದ. "ಗಾಳಿ ಏಳಾಕತ್ತೈತ್ರೀ! ಜ್ವಾಳದ ಚೀಲ ಇಳಿಸಾಕ ಒಂದು ಕೈ ಹಚ್ಚರಿ, ನಾ ಲಗೂನ ತಿರುಗಿ ಹೋಗಬೇಕು!"

ಗುರುಗಳು ಮಾತನ್ನು ಅಲ್ಲೇ ಬಿಟ್ಟು ಎದ್ದರು. ವಸ್ತ್ರವನ್ನು ಸೊಂಟಕ್ಕೆ ಸುತ್ತಿಕೊಂಡು ಮೆಟ್ಟಿಲು ಇಳಿದರು. ಅಡವಯ್ಯ ಹಿಂದೆಯೇ ಬಂದ.

"ಅಪ್ಪಾರೇ, ಒಂದೇ ಮಾತು. ಆ ತೂತುಗಳನ್ನು ಮುಚ್ಚಲು ಕಟ್ಟಿದವರು ಯಾಕೆ ಮರೆತರು?"

ಗುರುಗಳು ಚೀಲಕ್ಕೆ ಹೆಗಲು ಕೊಟ್ಟು, ತಿರುಗಿ ನೋಡಿ ಹೇಳಿದರು:

"ಮರೆಯಲಿಲ್ಲ, ಅಣೆಕಟ್ಟು ಕಟ್ಟಿದವನೇ ಅವುಗಳನ್ನು ಕೊರೆದದ್ದು."

ಅಡವಯ್ಯ ಉಳಿದ ಚೀಲಗಳನ್ನು ಇಳಿಸಿದ. ಖಾಲಿಯಾದ ದೋಣಿಗೆ ಹೋಗಿ ಕುಳಿತ.